ಕೌಂಟರಿನ ಈಚೆ ಬದಿ

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ, ರಬ್ಬರ್ ಮರ ಕಡಿದು ಗುಡ್ಡೆಯನ್ನು ಸಮತಟ್ಟು ಮಾಡಿದ ಜಾಗದಲ್ಲಿ ಒಂದು ವಾಟರ್ ಪಾರ್ಕ್ ಶುರುವಾಗಿತ್ತು. ಸೆಕೆಂಡ್ ಪಿಯುಸಿ ಪಾಸಾದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದೆ. ಗಣಿತದಲ್ಲಿ ಅವಳು ಹೇಗೂ ಜಾರುತ್ತಾಳೆ ಎಂಬ ಧೈರ್ಯದಲ್ಲಿ ಕೊಟ್ಟ ಮಾತು ಅದು. ಅವಳು ಡಿಸ್ಟಿಂಕ್ಷನ್ ತಂದುಬಿಟ್ಟಳು.

ಹಾಗೆ ಒಂದು ಭಾನುವಾರ ನಾನು, ಹೆಂಡತಿ, ಮಗಳು ಮೂವರೂ ಹೋದೆವು. ನೀರಿಗೆ ಇಳಿಯುವವರು ನೈಲಾನ್ ಬಟ್ಟೆಯನ್ನೇ ಹಾಕಬೇಕು ಎಂಬ ನಿಯಮ. ನನ್ನ ಲುಂಗಿಯನ್ನು ಕಂಡ ಗೇಟಿನವನು ಬಾಡಿಗೆ ಬಟ್ಟೆಯ ಕಿಟಕಿ ತೋರಿಸಿದ. ನನ್ನ ಸೊಂಟದ ಅಳತೆಗೆ ಅಲ್ಲಿ ಇದ್ದದ್ದು ಒಂದೇ ಒಂದು ಚಡ್ಡಿ. ನೀಲಿ ಬಣ್ಣದ್ದು, ಅದರ ತುಂಬ ಬಾಯಿ ತೆರೆದ ಶಾರ್ಕ್ ಮೀನುಗಳು. ಜೇಬು ಇರಲಿಲ್ಲ. ಐವತ್ತೆಂಟು ವರ್ಷದ ನಾನು ಅದನ್ನು ಹಾಕಿಕೊಂಡು ಹೊರಗೆ ಬಂದಾಗ ಹೆಂಡತಿ ಮುಖ ತಿರುಗಿಸಿ, ಬಹಳ ಹೊತ್ತು ಗುಡ್ಡೆಯ ಕಡೆ ನೋಡಿದಳು. ಅವಳ ಹೆಗಲು ಅಲುಗುತ್ತಿತ್ತು.

ಮುಂದಿನದು ಅರ್ಥವಾಗಬೇಕಾದರೆ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ಈಗ ನನಗೆ ಪುತ್ತೂರಿನಲ್ಲಿ ಒಂದು ಫ್ಯಾನ್ಸಿ ಅಂಗಡಿ ಇದೆ. ಅದಕ್ಕೆ ಮೊದಲು ಹದಿನೇಳು ವರ್ಷ ಗಲ್ಫಿನ ಒಂದು ಕೆಫೆಟೇರಿಯಾದಲ್ಲಿ ಇದ್ದೆ. ಮದುವೆಯ ಮಾತುಕತೆಗೆ ಮಂಡೆಕೋಲಿನ ಹೆಣ್ಣಿನ ಮನೆಗೆ ಹೋಗಿದ್ದ ದಲ್ಲಾಳಿ, ‘ಹುಡುಗ ಹೋಟೆಲ್ ಮೆನೇಜರ್’ ಎಂದು ಹೇಳಿಬಿಟ್ಟಿದ್ದ. ನಾನು ಅಲ್ಲವೆನ್ನಲಿಲ್ಲ. ಒಮ್ಮೆ ಅಲ್ಲವೆನ್ನದೆ ಹೋದರೆ ಮತ್ತೆ ಅಲ್ಲವೆನ್ನುವ ಸಂದರ್ಭ ಬರುವುದೇ ಇಲ್ಲ. ನಿಜದಲ್ಲಿ ನಾನು ಮಾಡುತ್ತಿದ್ದದ್ದು ಪರೋಟದಲ್ಲಿ ಕೋಳಿ ಸುತ್ತಿ ರೋಲ್ ಮಾಡುವುದು, ಚಾಯ ಎತ್ತಿ ಹೊಯ್ಯುವುದು, ಮತ್ತು ಕೌಂಟರಿನಲ್ಲಿ ನಿಂತು ಗಿರಾಕಿಗಳ ನಂಬರ್ ಕೂಗುವುದು. ಊರಿಗೆ ಬಂದಾಗಲೆಲ್ಲ ಮಾತ್ರ ನಾನು ಮೆನೇಜರ್. ಯಾವ ಮದುವೆಯ ಊಟದಲ್ಲಿ ಕುಳಿತರೂ ಬಡಿಸುವವರಿಗೆ ಬುದ್ಧಿ ಹೇಳದೆ ಎದ್ದವನಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂವರಿಗೂ ಹಸಿವಾಯಿತು. ಪಾರ್ಕಿನೊಳಗೆ ಇದ್ದದ್ದು ಒಂದೇ ಹೋಟೆಲು. ದೊಡ್ಡ ಗಾಜಿನ ಕೋಣೆ, ನಡುವೆ ಕೌಂಟರು. ಆರ್ಡರ್ ಕೊಟ್ಟು, ನಾವೇ ಹೋಗಿ ಟ್ರೇ ತೆಗೆದುಕೊಂಡು ಬರಬೇಕು. ದುಡ್ಡು ಕೊಡುವುದು ಕೊನೆಗೆ.

‘ನಾನು ಹೋಗಿ ತರ್ತೇನೆ ಉಪ್ಪ, ಅದು ಸ್ಕ್ರೀನಲ್ಲಿ ಒತ್ತುದು,’ ಎಂದು ಮಗಳು ಎದ್ದಳು. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ. ಅಪ್ಪನನ್ನು ಕರೆಯುವ ‘ಉಪ್ಪ’ ಒಂದನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

‘ನೀನು ಕೂತ್ಕೊ. ಹದಿನೇಳು ವರ್ಷ ಇದೇ ಕೆಲಸ ನೋಡಿದವನಿಗೆ ನೀನು ಕಲಿಸುದು ಬೇಡ,’ ಎಂದೆ.

ಗೋಡೆಯ ಪಕ್ಕ ಆಳೆತ್ತರದ ಮೊಬೈಲಿನಂಥ ಒಂದು ಪರದೆ ನಿಂತಿತ್ತು. ನನ್ನ ಬೆರಳು ಒದ್ದೆ. ಚಿಕನ್ ರೋಲಿನ ಚಿತ್ರ ಒತ್ತಿದೆ, ಏನೂ ಆಗಲಿಲ್ಲ. ಬೆರಳನ್ನು ಚಡ್ಡಿಗೆ ಒರೆಸಿದೆ, ಅದೂ ಒದ್ದೆ. ಮತ್ತೆ ಒತ್ತಿದೆ, ಜೋರಾಗಿ ಒತ್ತಿದೆ, ಬೆರಳಿನ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ ಬಡಿದೆ. ಆಮೇಲೆ ಅದು ಒಮ್ಮೆಲೇ ಚುರುಕಾಗಿ, ಏನೇನೋ ಕೇಳತೊಡಗಿತು. ಕೇಳಿದ್ದಕ್ಕೆಲ್ಲ ಹೌದು ಎಂದು ಒತ್ತುತ್ತಾ ಹೋದೆ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಕೌಂಟರಿನ ಹುಡುಗಿ ನನ್ನ ಕೈಗೆ ನಂಬರ್ ಬರೆದ ಒಂದು ಕಪ್ಪು ಬಿಲ್ಲೆ ಕೊಟ್ಟಳು.

‘ರೆಡಿ ಆದಾಗ ಇದು ನಡುಗ್ತದೆ ಅಂಕಲ್. ಆಗ ಬಂದ್ರೆ ಆಯ್ತು.’

‘ಗೊತ್ತುಂಟು, ಗೊತ್ತುಂಟು,’ ಎಂದೆ. ನಮ್ಮ ಕಾಲದಲ್ಲಿ ಅದು ಇರಲೇ ಇಲ್ಲ.

ಜೇಬಿಲ್ಲದ ಕಾರಣ ಬಿಲ್ಲೆಯನ್ನು ಚಡ್ಡಿಯ ಇಲಾಸ್ಟಿಕ್ಕಿಗೆ ಸಿಕ್ಕಿಸಿಕೊಂಡು ಬಂದು ಕುಳಿತೆ. ಏಸಿಯ ಗಾಳಿಗೆ ಮೈ ನಡುಗುತ್ತಿತ್ತು. ಆದರೂ ಈ ಹೋಟೆಲಿನವರು ಕೌಂಟರನ್ನು ತಪ್ಪು ಕಡೆ ಇಟ್ಟಿದ್ದಾರೆ, ಅಡುಗೆಮನೆಯ ಬಾಗಿಲು ಎಡಗಡೆ ಬರಬೇಕಿತ್ತು ಎಂದು ಹೆಂಡತಿಗೆ ವಿವರಿಸುತ್ತಿದ್ದೆ. ಬಿಲ್ಲೆ ನಡುಗಿದ್ದು ಆಗಲೇ. ಹೊಟ್ಟೆಯ ಮೇಲೆ ಜೀವಂತ ಏಡಿ ಬಿಟ್ಟ ಹಾಗಾಯಿತು. ನಾನು ‘ಯಾ ಅಲ್ಲಾಹ್’ ಎಂದು ಹಾರಿದೆ, ಕುರ್ಚಿ ಹಿಂದಕ್ಕೆ ಬಿತ್ತು, ಬಿಲ್ಲೆ ಕೆಂಪು ದೀಪ ಮಿನುಗಿಸುತ್ತಾ ಚಡ್ಡಿಯೊಳಗೆ ಇಳಿದುಹೋಯಿತು. ಅದನ್ನು ಹುಡುಕುತ್ತಾ ನಾನು ಮಾಡಿದ ಕುಣಿತವನ್ನು ಪಕ್ಕದ ಮೇಜಿನ ಮಕ್ಕಳು ನಿಂತು ನೋಡಿದರು.

ಕೌಂಟರಿನಲ್ಲಿ ನನಗಾಗಿ ಕಾದಿದ್ದದ್ದು ಹನ್ನೊಂದು ಲೈಮ್ ಸೋಡ. ರೋಲ್ ಒಂದೂ ಇಲ್ಲ.

‘ಇದೆಂತ? ನಾನು ಹೇಳಿದ್ದು ರೋಲ್,’ ಎಂದೆ.

‘ನೀವೇ ಒತ್ತಿದ್ದಲ್ವಾ ಅಂಕಲ್? ನೋಡಿ, ಹನ್ನೊಂದು ಅಂತ ಉಂಟು.’ ಅವಳು ಚೀಟಿ ತೋರಿಸಿದಳು. ಇಪ್ಪತ್ತರ ಪ್ರಾಯದ ಸಣಕಲು ಹುಡುಗಿ, ಕಾಣಿಯೂರಿನವಳು ಎಂದು ಆಮೇಲೆ ಗೊತ್ತಾಯಿತು.

ತಪ್ಪು ನನ್ನದೇ. ಅದಕ್ಕೇ ನನ್ನ ಧ್ವನಿ ಏರಿತು. ‘ನೋಡು ತಂಗಿ, ನಾನು ಗಲ್ಫಲ್ಲಿ ಹೋಟೆಲ್ ಮೆನೇಜರ್ ಆಗಿದ್ದವ. ಆರ್ಡರ್ ತೆಗೊಳ್ಳುವಾಗ ಗಿರಾಕಿಯ ಮುಖ ನೋಡ್ಬೇಕು. ಒಬ್ಬ ಮನುಷ್ಯ ಹನ್ನೊಂದು ಸೋಡ ಕುಡೀತಾನಾ ಅಂತ ಆಲೋಚನೆ ಮಾಡ್ಬೇಕು. ಮೆಷಿನಿಗೆ ಆಲೋಚನೆ ಉಂಟಾ?’

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಗುರ್ ಎಂದು ದೀಪಗಳೇನೋ ಹತ್ತಿದವು, ಆದರೆ ಪರದೆ ಕಪ್ಪಾಗಿಯೇ ಉಳಿಯಿತು. ಯಾರ ಕೈಯ ಬಿಲ್ಲೆಯೂ ನಡುಗಲಿಲ್ಲ. ಅದೇ ಹೊತ್ತಿಗೆ ಕಡಬದ ಕಡೆಯಿಂದ ಬಂದಿದ್ದ ಒಂದು ಶಾಲೆಯ ಮಕ್ಕಳು, ಎರಡು ಬಸ್ಸಿನಷ್ಟು, ಒದ್ದೆ ತಲೆಯಲ್ಲೇ ಒಳಗೆ ನುಗ್ಗಿದರು. ಒಳಗಿನಿಂದ ಟ್ರೇಗಳು ಬಂದು ಕೌಂಟರಿನ ಮೇಲೆ ಒಂದರ ಪಕ್ಕ ಒಂದು ನಿಂತವು. ಯಾವುದು ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ‘ನಮ್ಮದೆಲ್ಲಿ? ನಮ್ಮದೆಂತಾಯ್ತು ಮಾರಾಯ್ರೆ?’ ಎಂದು ಎಲ್ಲರೂ ಬಿಲ್ಲೆ ಮೇಲೆತ್ತಿ ಬೊಬ್ಬೆ ಹಾಕತೊಡಗಿದರು. ಹುಡುಗಿ ಚೀಟಿ ನೋಡಿ ನಂಬರ್ ಕೂಗಲು ನೋಡಿದಳು. ಅವಳ ಧ್ವನಿ ಕೌಂಟರು ದಾಟಲಿಲ್ಲ. ಎರಡನೇ ಸಲ ಕೂಗುವಾಗ ಗಂಟಲು ಒಡೆಯಿತು, ಕಣ್ಣಲ್ಲಿ ನೀರು ಬಂತು.

ಆ ನೀರನ್ನು ಕಂಡು ನನಗೆ ನಾಚಿಕೆಯಾಯಿತು. ಒಂದು ನಿಮಿಷದ ಹಿಂದೆ ಅವಳಿಗೆ ಪಾಠ ಹೇಳುತ್ತಿದ್ದವನು ನಾನೇ. ಆದರೆ ಒಳ್ಳೆಯತನದಿಂದಲೇ ಮುಂದೆ ಹೋದೆ ಎಂದರೆ ಅದೂ ಸುಳ್ಳು. ಟ್ರೇಗಳನ್ನು ಹಾಗೆ ಸಾಲಾಗಿ ಕಂಡದ್ದೇ ನನ್ನ ಬಾಯಿ ತಾನಾಗಿ ತೆರೆದುಕೊಂಡಿತ್ತು. ‘ಆ ಚೀಟಿ ಇಲ್ಲಿ ಕೊಡು,’ ಎಂದು ಕೌಂಟರಿನ ಹಲಗೆ ಎತ್ತಿ ಒಳಗೆ ಹೋದೆ.

‘ನಲ್ವತ್ತೆರಡೂ! ಎರಡು ರೋಲ್, ಒಂದು ಫ್ರೈಡ್ ರೈಸ್! ನಲ್ವತ್ತೆರಡೂ!’

ಗಲ್ಫ್ ಬಿಟ್ಟ ಮೇಲೆ ಹನ್ನೆರಡು ವರ್ಷ ಕೂಗದೆ ಇದ್ದ ಧ್ವನಿ. ಗಾಜು ಅದುರಿತು ಎಂದು ಹೇಳಬಹುದಿತ್ತು, ಆದರೆ ಇವತ್ತು ಸತ್ಯವನ್ನೇ ಬರೆಯುವ ಎಂದು ಕುಳಿತಿದ್ದೇನೆ, ಅದುರಲಿಲ್ಲ. ಜನ ಮಾತ್ರ ಸುಮ್ಮನಾದರು. ನಲವತ್ತೆರಡರವನು ಬಂದು ಟ್ರೇ ಒಯ್ದ. ನಲವತ್ತಮೂರು ಕೂಗಿದೆ. ಕನ್ನಡದಲ್ಲಿ ಬಾರದಿದ್ದರೆ ತುಳುವಿನಲ್ಲಿ, ತುಳುವಿಗೂ ಬಾರದಿದ್ದರೆ ಮಲಯಾಳದಲ್ಲಿ. ಅಡುಗೆಮನೆಯವರೊಬ್ಬರು ಕೂದಲು ಬೀಳದಿರಲೆಂದು ನನ್ನ ತಲೆಗೆ ಪ್ಲಾಸ್ಟಿಕ್ ಟೊಪ್ಪಿ ಇಟ್ಟುಹೋದರು. ಹುಡುಗಿ ಚೀಟಿ ಜೋಡಿಸಿಕೊಟ್ಟಳು, ನಾನು ಕೂಗಿದೆ. ಹನ್ನೊಂದು ಸೋಡವನ್ನು ತಡವಾದವರಿಗೆ ಹಂಚಿ ಸಮಾಧಾನ ಮಾಡಿದೆ. ಚಳಿ ಯಾವಾಗ ಹೋಯಿತೋ ತಿಳಿಯಲಿಲ್ಲ. ಹೆಂಡತಿ, ಮಗಳು ಹಸಿದು ಕುಳಿತಿದ್ದಾರೆ ಎಂಬುದೂ ಮರೆತೇಹೋಗಿತ್ತು.

ಅರವತ್ತೊಂಬತ್ತು ಎಂದು ಕೂಗಿ ತಲೆ ಎತ್ತಿದಾಗ ಎದುರಿಗೆ ಅವರಿಬ್ಬರೂ ನಿಂತಿದ್ದರು. ಮಗಳ ಕಣ್ಣು ನನ್ನ ಟೊಪ್ಪಿಯಿಂದ ಶುರುವಾಗಿ ಶಾರ್ಕಿನವರೆಗೆ ಇಳಿಯಿತು.

‘ಉಪ್ಪ, ಮೆನೇಜರಿಗೆ ಇದೆಲ್ಲ ಮಾಡ್ಲಿಕ್ಕುಂಟಾ?’

ಆಗಲೂ ಏನಾದರೊಂದು ಹೇಳಿ ದಾಟಬಹುದಿತ್ತು. ಬಾಯಿಗೆ ಬಂತು ಕೂಡ: ಕೆಲಸದವರಿಗೆ ಕಲಿಸಿಕೊಡಬೇಕಾದರೆ ಮೆನೇಜರಿಗೆ ಎಲ್ಲವೂ ಗೊತ್ತಿರಬೇಕು ಎಂದು. ಆದರೆ ಕಾಣಿಯೂರಿನ ಹುಡುಗಿ ಪಕ್ಕದಲ್ಲೇ ನಿಂತು ನನ್ನನ್ನು ನೋಡುತ್ತಿದ್ದಳು. ಅವಳಿಗೆ ಅಷ್ಟು ಹೊತ್ತಿಗೆ ನಿಜ ತಿಳಿದಿತ್ತು ಎಂದು ನನಗೆ ಅನಿಸಿತು. ಒಂದು ಕೈಯಲ್ಲಿ ಮೂರು ಟ್ರೇ ಹಿಡಿಯುವ ಮೆನೇಜರ್ ಎಲ್ಲಿದ್ದಾನೆ?

‘ನಾನು ಮೆನೇಜರ್ ಅಲ್ಲ ಮಗಾ,’ ಎಂದೆ. ‘ಇದೇ ಕೆಲಸ ಮಾಡ್ತಿದ್ದೆ. ರೋಲ್ ಸುತ್ತುದು, ನಂಬರ್ ಕರೆಯುದು.’

ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳೇ ಮಾತಾಡಿದಳು. ‘ಅದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ನೀವು ನಿದ್ದೆಯಲ್ಲಿ ನಂಬರ್ ಕರೀತಿದ್ರಿ. ಒಮ್ಮೆ ನನ್ನನ್ನೇ ಅಲುಗಾಡಿಸಿ, ಎರಡು ಚಾಯ, ಒಂದು ಸಕ್ಕರೆ ಇಲ್ಲದ್ದು ಅಂತ ಹೇಳಿದ್ರಿ.’

‘ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?’

‘ಹೇಳಿ ಎಂತ ಮಾಡುದು? ನಿಮಗೆ ಖುಷಿ ಉಂಟಲ್ಲ, ಇರ್ಲಿ ಅಂತ ಬಿಟ್ಟೆ. ಈಗ ನಮಗೆ ತಿನ್ಲಿಕ್ಕೆ ಏನಾದ್ರೂ ಉಂಟಾ ಇಲ್ವಾ?’

ಮಗಳು ನಗುತ್ತಾ ಕೆಳಗೇ ಕುಳಿತುಬಿಟ್ಟಳು. ಶಾಲೆಯ ಫಾರ್ಮುಗಳಲ್ಲೆಲ್ಲ ತಂದೆಯ ಹಿಂದಿನ ಉದ್ಯೋಗ ಹೋಟೆಲ್ ಮೆನೇಜರ್ ಎಂದು ಅವಳೇ ಅಂದವಾದ ಅಕ್ಷರದಲ್ಲಿ ತುಂಬಿದ್ದಳಂತೆ.

ಕೊನೆಗೆ ಮೂರು ರೋಲ್ ಬಂತು. ಹುಡುಗಿಯೇ ಮೇಜಿಗೆ ತಂದಿಟ್ಟಳು. ‘ಮೊದಲು ಬೈದದ್ದಕ್ಕೆ ಬೇಜಾರು ಮಾಡ್ಬೇಡ,’ ಎಂದೆ. ‘ಬೈದದ್ದು ಎಲ್ಲಿ ಕೇಳಿದೆ ಅಂಕಲ್, ನಿಮ್ಮ ಚಡ್ಡಿ ನೋಡಿ ನಗು ತಡೀತಿದ್ದೆ,’ ಎಂದಳು. ಆ ಹದಿನೇಳು ವರ್ಷದಲ್ಲಿ ನನಗೆ ಪಾಠ ಹೇಳಿಹೋದ ಗಿರಾಕಿಗಳೆಲ್ಲ ನೆನಪಾದರು. ಅವರ ಮುಂದೆ ನಾನೂ ಹೀಗೆಯೇ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದೆ.

ಹೊರಡುವಾಗ ಹೋಟೆಲಿನ ಮೆನೇಜರ್, ನಿಜವಾದವನು, ಬಂದು ಕೈ ಕುಲುಕಿದ. ರಶ್ ಇದ್ದ ಭಾನುವಾರ ಬೇಕಾದರೆ ಕರೆಯುತ್ತೇವೆ, ನಂಬರ್ ಕೊಟ್ಟಿರಿ ಎಂದ. ‘ನನಗೆ ಅಂಗಡಿ ಉಂಟು, ಪುರುಸೊತ್ತಿಲ್ಲ,’ ಎಂದು ಹೇಳಿ ನಂಬರ್ ಕೊಟ್ಟೆ. ಸರಿಯಾಗಿ ಬರೆದುಕೊಂಡನೋ ಎಂದು ಎರಡು ಸಲ ಓದಿಸಿದೆ.

ಮುಂದಿನ ಭಾನುವಾರ ಫೋನನ್ನು ಎದುರಿಗಿಟ್ಟುಕೊಂಡು ಕುಳಿತೆ. ಅದರ ಮುಂದಿನ ಭಾನುವಾರವೂ. ಮೂರನೆಯ ವಾರ ಹೆಂಡತಿ, ‘ಒಮ್ಮೆ ಹೋಗಿ ಬನ್ನಿ, ಮನೆಯಲ್ಲಿ ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ,’ ಎಂದಳು. ಆದರೂ ಸುಳ್ಯದಲ್ಲಿ ಕೆಲಸವಿದೆ ಎಂದು ನೆಪ ಹೇಳಿಯೇ ಹೋದೆ. ಹೋಟೆಲಿಗೆ ರಸ್ತೆಯ ಕಡೆಯಿಂದಲೂ ಬಾಗಿಲಿದೆ. ಒಳಗೆ ಹೊಸ ಮೈಕ್ ಹಾಕಿದ್ದರು. ಎಲ್ಲಿಯೋ ರೆಕಾರ್ಡ್ ಮಾಡಿಟ್ಟ ಒಂದು ಹೆಣ್ಣಿನ ಧ್ವನಿ, ಸ್ವಲ್ಪವೂ ಆಯಾಸವಿಲ್ಲದೆ, ನಂಬರುಗಳನ್ನು ಕರೆಯುತ್ತಿತ್ತು. ಕಾಣಿಯೂರಿನ ಹುಡುಗಿಗೆ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಲುಂಗಿಯಲ್ಲಿ ನೋಡಿರಲಿಲ್ಲವಲ್ಲ.

ಒಂದು ರೋಲ್ ತೆಗೆದುಕೊಂಡು ಕಿಟಕಿಯ ಬಳಿ ಕುಳಿತೆ. ನೀರುಳ್ಳಿ ಸ್ವಲ್ಪ ಹೆಚ್ಚಾಗಿತ್ತು. ಹೇಳಿಬರುವ ಎಂದು ಎದ್ದೆ. ಆಮೇಲೆ ಕುಳಿತುಕೊಂಡು, ಇಡೀ ರೋಲ್ ತಿಂದು, ಟ್ರೇಯನ್ನು ನಾನೇ ಒಯ್ದು ಇಟ್ಟು ಬಂದೆ.