ತೆಗ್ವೆನಮ್ಮನ ಬೀಗದ ಕೈ

ವೇಲ್ಸಿನ ಬೆಟ್ಟದ ಮಗ್ಗುಲಲ್ಲಿರುವ ಗ್ವಿನಾರ್ ಸಂತನ ಹಳೆಯ ಇಗರ್ಜಿಯ ಬೀಗದ ಕೈ ತೆಗ್ವೆನಮ್ಮನ ಹತ್ತಿರ ಇದೆ, ಅದಕ್ಕೇ ಅವರ ಹತ್ತಿರ ನೆಮ್ಮದಿ ಇಲ್ಲ. ಸಂಜೆ ಬೀಗ ಹಾಕಿ ಗೋರಿಗಳ ನಡುವೆ ನಾಲ್ಕು ಹೆಜ್ಜೆ ಇಟ್ಟವರು, ಹಾಕಿದೆನೋ ಇಲ್ಲವೋ ಎಂದು ಹಿಂತಿರುಗಿ ಎಳೆದು ನೋಡುತ್ತಾರೆ. ಗೇಟು ದಾಟಿದ ಮೇಲೆ, ಹಾಕಿದ್ದೇ ತಪ್ಪಾಯಿತೇನೋ ಎಂದು ಮತ್ತೆ ಓಡಿ ಬಂದು ತೆಗೆಯುತ್ತಾರೆ. ತೆರೆದಿಟ್ಟರೆ ಹಿತ್ತಾಳೆಯ ಮೇಣದಬತ್ತಿ ಕಂಬಗಳು ಕಳ್ಳರ ಪಾಲು, ಮುಚ್ಚಿದರೆ, ಓಡಿ ಬಂದವರಿಗೆ ಬಾಗಿಲು ತೆರೆದಿರುತ್ತದೆಂದು ಸಂತನಿಗೆ ಕೊಟ್ಟ ಮಾತು ನೀರುಪಾಲು. ಬಂದವರಿಗೆಲ್ಲ ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ಬ್ರೆಡ್ಡು ಕೊಯ್ದು ಕೊಡುತ್ತ ಅದೇ ಕಥೆ: "ಸಂತನ ಕಾಲದಲ್ಲಿ ಒಬ್ಬ ಬಡಪಾಯೀನ ದೊರೆಯ ನಾಯಿಗಳು ಅಟ್ಟಿಸ್ಕೊಂಡು ಬಂದ್ವು ನೋಡಿ, ಅವ್ನು ಬಾಗ್ಲು ಬಡಿದೂ ಬಡಿದೂ ಇದೇ ಹೊಸ್ತಿಲ ಮೇಲೆ ಸತ್ತ. ಒಳಗೆ ನಮ್ಮ ಸಂತನಿಗೆ ಗಾಢ ನಿದ್ದೆ! ಬೆಳಿಗ್ಗೆ ಎದ್ದು ನೋಡ್ದೋನು ಬಾಗ್ಲನ್ನೇ ಕಿತ್ತು ಒಲೆಗೆ ಹಾಕ್ಬಿಟ್ಟ. ಈ ಬಾಗ್ಲೆಲ್ಲ ಆಮೇಲೆ ಬಂದ ಪಾದ್ರಿಗಳ ಕಿತಾಪತಿ." ಪ್ರತಿ ಸಲ ಹೇಳುವಾಗಲೂ ನಾಯಿಗಳು ಹೆಚ್ಚುತ್ತವೆ, ಹೋದ ವಾರವಂತೂ ತೋಳಗಳೂ ಸೇರಿಕೊಂಡಿದ್ದವು. ಮಳೆ ಜೋರಾದರೆ ಅವರಿಗೆ ಊಟ ಸೇರದು, ಯಾರೋ ಬಾಗಿಲು ಬಡಿದಂತಾಗುತ್ತದೆ. ಹೊಸದಾಗಿ ಬಂದ ಪಾದ್ರಿ ನಕ್ಕುಬಿಟ್ಟರು: "ಈ ಕಾಲದಲ್ಲಿ ಯಾರು ಓಡಿ ಬರ್ತಾರೆ ತೆಗ್ವೆನಮ್ಮ? ಬೀಗ ಜಡಿದು ಆರಾಮಾಗಿ ಚಹಾ ಕುಡೀರಿ." ತೆಗ್ವೆನಮ್ಮ ಏಪ್ರನ್ನಿನ ಜೇಬಿನಲ್ಲಿದ್ದ ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ನಾನು ಬಂದಿದ್ದೆನಲ್ಲ ಪಾದ್ರಿಗಳೇ," ಎಂದರು. "ಕೂಸನ್ನ ಕೋಟಿನೊಳಗೆ ಅವುಚ್ಕೊಂಡು. ಹಿಂದೆ ಗಂಡ, ಕೈಯಲ್ಲಿ ಬೆಲ್ಟು. ಅವತ್ತು ಪುಣ್ಯಾತ್ಮರು ಯಾರೋ ಬೀಗ ಹಾಕೋದನ್ನ ಮರ್ತಿದ್ರು."