ಉತಾರದಲ್ಲಿ ಇಲ್ಲದ ತಮ್ಮ

ಸಂಸ್ಥಾನ ಹೋಗಿ ರಾಮದುರ್ಗ ತಾಲೂಕಾದ ಹೊಸತು. ಸಾಲಹಳ್ಳಿಯಾಚೆಯ ಒಂದು ಹಳ್ಳಿಗೆ ನಾವಿಬ್ಬರೇ ಮಾಸ್ತರರು. ನಾನು ಶಾಸ್ತ್ರಿಗಳ ಮನೆತನದವನು, ಪರೀಕ್ಷೆಯಲ್ಲಿ ಮೊದಲಿಗ. ಇನ್ನೊಬ್ಬ ಒಕ್ಕಲುತನದ ಮನೆಯವನು, ಅಕ್ಷರವೋ ಕೋಳಿ ಕೆದರಿದ ತಿಪ್ಪೆ. ಆದರೂ ಹೆಂಗಸರು ಅವನನ್ನು "ಬಾರಪಾ" ಎಂದು ಕರೆದು ಮಜ್ಜಿಗೆ ಕೊಡುತ್ತಿದ್ದರು. ನನ್ನನ್ನು ಕಂಡರೆ "ಬರ್ರಿ" ಎಂದು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ಆ ಮಜ್ಜಿಗೆ ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು.

ಗುಡಿಯಲ್ಲಿ ನಡೆಯುತ್ತಿದ್ದ ಶಾಲೆಗೆ ಜಾಗ ಬೇಕಾಯಿತು. ದೊರಕಿಸಿದವರಿಗೆ ರಾಮದುರ್ಗಕ್ಕೆ ಬದಲಿ ಎಂದು ಶಾಲೆ ತಪಾಸಣೆಗೆ ಬಂದ ಸಾಹೇಬರು ಆಸೆ ಹಚ್ಚಿದರು. ಈ ಜೊತೆಗಾರನಿಗಿಂತ ಮೊದಲು ನಾನೇ ಹೋಗಬೇಕು ಎಂದು ಹಟ ಹಿಡಿದೆ. ಊರಿನ ಜಮೀನು ಲೆಕ್ಕ ಇಡುವ ತಲಾಠಿಯಿಂದ ಉತಾರ, ಅಂದರೆ ಯಾವ ಜಾಗ ಯಾರ ಹೆಸರಿನಲ್ಲಿದೆ ಎಂಬ ದಾಖಲೆಯ ನಕಲು, ತೆಗೆಸಿದೆ. ಊರ ನಡುವಿನ ಒಂದು ಹಿತ್ತಲು ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣನ ಹೆಸರಿನಲ್ಲಿತ್ತು. ಅವನೂ ತಮ್ಮನೂ ಬೇರೆಯಾಗಿ, ನಡುವೆ ಗೋಡೆ ಎದ್ದು, ಮಾತು ನಿಂತಿತ್ತು. ಹಿತ್ತಲನ್ನು ಶಾಲೆಗೆ ಕೊಡಲು ಅಣ್ಣ ಹೂಂ ಅಂದ. ನಾನು ಕಾಗದ ಬರೆದೆ.

"ಅವನ ತಮ್ಮನ್ನೂ ಒಂದ್ ಮಾತು ಕೇಳ್ರಿ," ಅಂದ ಜೊತೆಗಾರ.

"ಉತಾರದಾಗ ತಮ್ಮನ ಹೆಸರೇ ಇಲ್ಲ."

"ದೀಪ ಹಚ್ಚಿದ ಮ್ಯಾಲ ಯಾರೂ ಹೆಪ್ಪು ಹೊರಗಿನ ಮನಿಗೆ ಕೊಡೂದಿಲ್ರಿ. ಅಣ್ಣನ ಮನಿಯಿಂದ ತಮ್ಮನ ಮನಿಗೆ ದಿನಾ ದೀಪ ಹಚ್ಚಿದ ಮ್ಯಾಲನ ಹೆಪ್ಪು ಹೋಗತೈತಿ. ಅವರಿನ್ನೂ ಒಂದ ಮನಿಯವರು."

ಬದಲಿ ತನಗೇ ಸಿಗಲಿ ಎಂದು ಅಡ್ಡಗಾಲು ಹಾಕುತ್ತಿದ್ದಾನೆ ಅಂದುಕೊಂಡೆ. ಹೆಪ್ಪಿನ ಮೇಲೆ ಕಾಗದ ಆಗುತ್ತದೇನು ಎಂದು ನಕ್ಕೆ.

ಮರುದಿನ ಅಣ್ಣ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಹಾಗೇ ಕುಳಿತ. "ತಮ್ಮ ಏನಂದಾನ್ರಿ?" ಎಂದು ಕೇಳಿದ. ತಮ್ಮನ ಹಕ್ಕು ಇದರಲ್ಲಿಲ್ಲ ಎಂದು ಓದಿ ಹೇಳಿದೆ. "ಹಕ್ಕಿನ ಮಾತಲ್ರಿ ಇದು," ಎಂದು ಬೆರಳಿನ ಮಸಿಯನ್ನು ಧೋತರಕ್ಕೆ ಒರೆಸಿಕೊಂಡು ಎದ್ದುಹೋದ. ವಾರವಿಡೀ ನನಗೆ ಮುಖ ಕೊಡಲಿಲ್ಲ.

ಕೊನೆಗೆ ಜೊತೆಗಾರನೇ ತಮ್ಮನ ಮನೆಗೆ ಹೋದ. ಅಲ್ಲಿ ಎರಡು ರೊಟ್ಟಿ ತಿಂದ, ಬೆಳೆಯ ಮಾತಾಡಿದ, ಏಳುವಾಗ ಹಿತ್ತಲಿನ ಸುದ್ದಿ ತೆಗೆದ. "ಅಣ್ಣ ಕೊಟ್ರ ನಾ ಕೊಟ್ಟಾಂಗ," ಅಂದನಂತೆ ತಮ್ಮ. ಆ ಮಾತು ಗೋಡೆಯಾಚೆ ಮುಟ್ಟಿ, ಸಂಜೆಯೊಳಗೆ ಅಣ್ಣ ತಾನಾಗಿಯೇ ಬಂದು ಹೆಬ್ಬೆಟ್ಟು ಒತ್ತಿದ.

ಸಾಹೇಬರಿಗೆ ವರದಿ ಬರೆಯುವ ಕೆಲಸ, ಅಕ್ಷರ ಚೆಂದವೆಂದು, ನನ್ನದಾಗಿತ್ತು. "ಉತಾರ ತೆಗೆಸಿ, ಮಾಲಕನ ಒಪ್ಪಿಗೆಯ ಕಾಗದ ಬರೆದು, ಹೆಬ್ಬೆಟ್ಟು ಪಡೆದಿದ್ದೇನೆ," ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ರಾಮದುರ್ಗಕ್ಕೆ ಬದಲಿಯಾದದ್ದು ನನಗೆ.