ಸೌಟಕ್ಕನ ಕರಬೂಜ

ಅಕ್ಕನಿಗೆ ಸೌಟಕ್ಕ ಎಂದು ಹೆಸರಿಟ್ಟವನು ಅವಳ ತಮ್ಮನೇ. ಅಪ್ಪ ಬಿಟ್ಟುಹೋದ ಕರಬೂಜದ ಹೊಲವನ್ನು ಇಬ್ಬರೂ ಜೊತೆಯಾಗಿ ನೋಡಿಕೊಳ್ಳುತ್ತಿದ್ದರು. ತಮ್ಮ ಗೊಬ್ಬರವನ್ನು ಬೊಗಸೆಯಲ್ಲಿ ತಂದು ಬಳ್ಳಿಯ ಬುಡಕ್ಕೆ ಸುರಿಯುವವನು, ಅದೂ ಬೆಳೆಗೆ ಎರಡೇ ಸಲ. ಅಕ್ಕ ಅದನ್ನೇ ಸೌಟಿನಲ್ಲಿ ಅಳೆದು, ಡ್ರಮ್ಮಿನ ನೀರಿನಲ್ಲಿ ಕರಗಿಸಿ, ಹನಿ ನೀರಿನ ಪೈಪಿನಲ್ಲಿ ದಿನ ಬಿಟ್ಟು ದಿನ ಕುಡಿಸಬೇಕು ಎನ್ನುವವಳು.

"ಬಳ್ಳಿಗೆ ಊಟ ಹಾಕ್ತೀಯೋ, ಔಷಧಿ ಕೊಡ್ತೀಯೋ?" ಎಂದು ತಮ್ಮ ರೇಗಿಸಿದ.

"ಒಂದು ತಿಂಗಳ ಅನ್ನ ಒಂದೇ ದಿನ ಬಡಿಸಿದ್ರೆ ನೀನು ತಿಂತೀಯೇನೋ?"

ಮಾತಿಗೆ ಮಾತು ಬೆಳೆದು ಪಂಥವಾಯಿತು. ಹೊಲದ ಮೇಲಿನ ಅರ್ಧ ಅವನದು, ಕೆಳಗಿನ ಅರ್ಧ ಅವಳದು. ಇಬ್ಬರಿಗೂ ಒಂದೇ ತೂಕದ ಗೊಬ್ಬರ. ಅಕ್ಕ ಸೋತರೆ ಪಂಪ್ ಮನೆಯ ಕೀಲಿಕೈ ತಮ್ಮನಿಗೆ. ಹತ್ತು ವರ್ಷದಿಂದ ಅವಳ ಸೊಂಟದಲ್ಲಿದ್ದ ಕೀಲಿಕೈ ಅದು.

"ಗೆದ್ರೆ?"

"ನಿನ್ನ ಸೌಟು ನಾನೇ ತೊಳೀತೀನಿ, ಹೋಗಕ್ಕ."

ಮೊದಲ ತಿಂಗಳು ತಮ್ಮನ ಬಳ್ಳಿಗಳು ಕಡುಹಸಿರಾಗಿ, ಕಾಲಿಡಲು ಜಾಗವಿಲ್ಲದಂತೆ ಹಬ್ಬಿದವು. ಅಕ್ಕನ ಬಳ್ಳಿಗಳು ಅಷ್ಟು ಸೊಕ್ಕಿರಲಿಲ್ಲ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಹೂ ಬಂದಾಗ ಎಲೆ ಬೆಳೆಸುವ ಯೂರಿಯಾ ತಗ್ಗಿಸಿದಳು, ಕಾಯಿ ಕಚ್ಚಿದ ಮೇಲೆ ಹಣ್ಣಿಗೆ ಸಿಹಿ ತುಂಬುವ ಪೊಟ್ಯಾಷ್ ಹೆಚ್ಚಿಸಿದಳು. ಗೊಬ್ಬರ ಮುಗಿದ ಮೇಲೂ ಇಪ್ಪತ್ತು ನಿಮಿಷ ಬರೀ ನೀರು ಬಿಡುತ್ತಿದ್ದಳು. ಅದಕ್ಕೆ ಅವಳು ಪೈಪಿನ ಬಾಯಿ ಮುಕ್ಕಳಿಸೋದು ಎನ್ನುತ್ತಿದ್ದಳು. ಆಮೇಲೆ ಕೊನೆಯ ಸಾಲಿನ ಕೊನೆಯ ಬಳ್ಳಿಯ ಬಳಿ ಲೋಟ ಹಿಡಿದು ಕೂತು, ಹನಿ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಿಯೇ ಏಳುತ್ತಿದ್ದಳು.

ಕಾಯಿ ಮುಷ್ಟಿಗಾತ್ರವಾದಾಗ ಅಕ್ಕ ಜ್ವರ ಬಂದು ಮಲಗಿದಳು. ಒಂದು ವಾರದ ಮಟ್ಟಿಗೆ ಕೀಲಿಕೈಯನ್ನು ತಮ್ಮನ ಕೈಗೇ ಕೊಟ್ಟಳು. ತಮ್ಮ ಮೋಸಗಾರನಲ್ಲ, ಒಂದು ಸೌಟೂ ಹೆಚ್ಚುಕಡಿಮೆ ಮಾಡಲಿಲ್ಲ. ಆದರೆ ಡ್ರಮ್ಮು ಖಾಲಿಯಾದ ಕೂಡಲೇ ಪಂಪ್ ನಿಲ್ಲಿಸಿದ. ಬರೀ ನೀರು ಯಾಕೆ ದಂಡ ಎಂದುಕೊಂಡ. ಪೈಪಿನಲ್ಲಿ ಉಳಿದ ಗೊಬ್ಬರ ಅಲ್ಲೇ ಗಟ್ಟಿ ಕಟ್ಟಿ, ಕೊನೆಯ ಮೂರು ಸಾಲುಗಳಲ್ಲಿ ಹನಿ ಬೀಳುವ ತೂತುಗಳೇ ಮುಚ್ಚಿಕೊಂಡವು.

ಎಂಟನೆಯ ದಿನ ಅಕ್ಕ ಎದ್ದು ಬಂದು ಲೋಟ ಹಿಡಿದಳು. ಹನಿ ಬೀಳಲಿಲ್ಲ. ಎಲೆಗಳು ಜೋತುಬಿದ್ದಿದ್ದವು.

ತಮ್ಮ ಜೋತುಬಿದ್ದ ಎಲೆಯೊಂದನ್ನು ಎತ್ತಿ ನೋಡಿದ. "ಅಕ್ಕ, ಮುಕ್ಕಳಿಸೋದು ಬಿಟ್ಟೆ. ತಪ್ಪು ನಂದು."

"ತಪ್ಪು ಆಮೇಲೆ ಹಂಚ್ಕೊಳ್ಳೋಣ. ಮೊದಲು ಬಿಂದಿಗೆ ತಾ."

ಬಾಡಿದ ಬಳ್ಳಿಗಳಿಗೆ ಇಬ್ಬರೂ ನೀರು ಹೊತ್ತರು. ಬಳಿಕ ಅಕ್ಕ ಪೈಪುಗಳ ತುದಿಯ ಮುಚ್ಚಳ ತೆಗೆದು ಜೋರಾಗಿ ನೀರು ಹಾಯಿಸಿದಳು. ತಮ್ಮ ಒಂದೊಂದೇ ತೂತನ್ನು ಬೆರಳಲ್ಲಿ ತಟ್ಟುತ್ತಾ ಬಂದ. ಜ್ವರ ಬಿಟ್ಟ ಮೈಯಲ್ಲಿ ಅವಳು ಬಗ್ಗಿದ ಸೊಂಟ ಎತ್ತದೆ ದುಡಿಯುವುದನ್ನು ಅವನು ನೋಡುತ್ತಲೇ ಇದ್ದ. ಸಂಜೆಯಾಗುವುದರೊಳಗೆ ಲೋಟಕ್ಕೆ ಹನಿ ಬಿತ್ತು.

ಮೊದಲ ಕೊಯ್ಲಿನಲ್ಲಿ ತಮ್ಮನ ಕಡೆ ಎಲೆ ಬಹಳ, ಹಣ್ಣು ಕಡಿಮೆ. ಇದ್ದವೂ ಒಂದೊಂದು ಅಳತೆ. ಅಕ್ಕನ ಕಡೆಯ ಕೊನೆಯ ಮೂರು ಸಾಲುಗಳ ಹಣ್ಣು ಮಾತ್ರ ತುಸು ಚಿಕ್ಕವು, ಉಳಿದವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ತಮ್ಮ ಎರಡೂ ಕಡೆಯ ಹಣ್ಣು ಕೊಯ್ದು ತಿಂದ.

"ನಂದು ಸೌತೆಕಾಯಿ ಥರ ಇದೆ ಅಕ್ಕ."

"ಸೌತೆಕಾಯಿ ಮರ್ಯಾದೆ ಕಳೀಬೇಡ."

ಅವನು ಅಂದಿನ ಗೊಬ್ಬರ ಬಿಟ್ಟಿದ್ದ ಪಂಪ್ ಮನೆಗೆ ಹೋಗಿ, ಸೌಟು ತೊಳೆದು ಮೊಳೆಗೆ ತೂಗುಹಾಕಿ ಹೊರಬಂದ. ಅಕ್ಕ ಅವನು ಮರಳಿ ಕೊಟ್ಟ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಕೇಳಿದಳು: "ಡ್ರಮ್ಮು ಖಾಲಿಯಾಯ್ತಲ್ಲ, ಪಂಪ್ ನಿಲ್ಲಿಸಲಿಲ್ವೇನೋ?"

"ಇನ್ನೂ ಹನ್ನೆರಡು ನಿಮಿಷ ಇದೆ" ಎಂದವನೇ, ಲೋಟ ಹಿಡಿದು ಕೊನೆಯ ಸಾಲಿನ ಕಡೆ ನಡೆದ.